ಒತ್ತಕ್ಕನ ಮೊದಲ ಬಸ್ಸು

ಬೀದಿದೀಪಗಳು ಇನ್ನೂ ಆರಿಲ್ಲ. ಗುಡ್ಡದ ಮೇಲಿನ ಬಡಾವಣೆಯ ಕೊನೆಯ ನಿಲ್ದಾಣದಲ್ಲಿ ಬಸ್ಸೊಂದು ಗುರುಗುಟ್ಟುತ್ತಾ ನಿಂತಿದೆ. ಅದರ ಬಾಗಿಲ ಪಕ್ಕದಲ್ಲಿ, ತಾವು ಮಾತ್ರ ಹತ್ತದೆ, ಬೂದು ಬಣ್ಣದ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಊಟದ ಡಬ್ಬಿ ಹಿಡಿದು ನಿಂತಿದ್ದಾರೆ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲೇರಿ ಕಂಡಕ್ಟರ್ ಎದುರು ಪಾಸು ಹಿಡಿಯುತ್ತಾರೆ. "ಒತ್ತಿ ಅಣ್ಣ" ಎನ್ನುತ್ತಾರೆ. ಕಂಡಕ್ಟರ್ ಕೈಯಲ್ಲಿನ ಟಿಕೆಟ್ ಯಂತ್ರದ ಮೂಲೆಯ ಗುಂಡಿಯೊಂದನ್ನು ಒತ್ತುತ್ತಾರೆ. ಯಂತ್ರ 'ಕೀಂ' ಎನ್ನುತ್ತದೆ. ಆಮೇಲೆ ಮುಂದಿನವರು. "ಒತ್ತಿ ಅಣ್ಣ." ಕೀಂ.

ಮಫ್ಲರ್ ಸುತ್ತಿಕೊಂಡ ತಾತ ಒಬ್ಬರು ಮೈಮರೆತು ನೇರ ಒಳಗೆ ನಡೆದುಬಿಡುತ್ತಾರೆ. ಸ್ವೆಟರಿನ ಹೆಂಗಸಿನ ಕಿವಿ ಸೂಕ್ಷ್ಮ.

"ತಾತಂದು ಆಗಿಲ್ಲ!" ಎಂದು ಕೆಳಗಿನಿಂದಲೇ ಕೂಗುತ್ತಾರೆ.

"ಅಯ್ಯೋ, ಕೂತಾಯ್ತಲ್ಲಮ್ಮ," ಎಂದು ತಾತ ಗೊಣಗುತ್ತಾರೆ.

"ಕೂತ್ರೆ ಆಗಲ್ಲ ತಾತ. ಒತ್ತಿಸ್ಕೊಂಡು ಕೂತ್ಕೊಳ್ಳಿ."

ತಾತ ಎದ್ದು ಬರುತ್ತಾರೆ. ಕೀಂ. ಬಸ್ಸಿಗೆ ಬಸ್ಸೇ ನಗುತ್ತದೆ, ತಾತನೂ ನಗುತ್ತಾರೆ. ಸಾಲು ಮುಗಿದ ಮೇಲೆ ಕೊನೆಯವರಾಗಿ ಆ ಹೆಂಗಸು ಹತ್ತುತ್ತಾರೆ, ತಮ್ಮ ಪಾಸನ್ನೂ ಒತ್ತಿಸಿಕೊಳ್ಳುತ್ತಾರೆ, ಕಂಬ ಹಿಡಿದು ನಿಲ್ಲುತ್ತಾರೆ. ಸೀಟಿಲ್ಲ. ಅವರ ಬಗ್ಗೆ ಬರೆಯಲೆಂದು ಬಂದ, ಇಷ್ಟು ಹೊತ್ತಿಗೆ ಎದ್ದು ಅಭ್ಯಾಸವಿಲ್ಲದ ನಾನು ಅವರ ಪಕ್ಕದ ಕಂಬಕ್ಕೆ ಜೋತುಬಿದ್ದಿದ್ದೇನೆ.

ಈ ಬಡಾವಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಒತ್ತಕ್ಕ' ಎಂದು. ಮಕ್ಕಳಿಗೆ ಬರೆಯಲು ಕೊಟ್ಟರೆ ಎರಡು ಒತ್ತಕ್ಷರ ತಪ್ಪದೆ ಹಾಕಬೇಕಾದ ಹೆಸರು. ಅವರಿಗೆ ಅದರ ಬಗ್ಗೆ ಬೇಸರವೇನಿಲ್ಲ. "ಸರಿಯಾಗೇ ಇಟ್ಟಿದ್ದಾರೆ. ಆಸ್ಪತ್ರೆ ಲಾಂಡ್ರೀಲೂ ಬಟ್ಟೆ ಒತ್ತೋದೇ ಕೆಲಸ, ಇಲ್ಲೂ ಒತ್ತಿಸೋದೇ ಕೆಲಸ," ಎನ್ನುತ್ತಾರೆ.

ಇವತ್ತು ಮುಂದಿನ ಸೀಟಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಒಬ್ಬರು ಬಿಗಿಮುಖ ಹೊತ್ತು ಕೂತಿದ್ದಾರೆ. ನಿಂತೇಹೋಗಿದ್ದ ಈ ಬಸ್ಸನ್ನು ಡಿಪೊದವರು ಕೆಲವು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಮತ್ತೆ ಬಿಟ್ಟಿದ್ದರು. ಆ ಗಡುವು ಇವತ್ತಿಗೆ ಮುಗಿಯುತ್ತದೆ. ಬಸ್ಸು ಖಾಯಂ ಆಗುತ್ತದೋ, ಮತ್ತೆ ಮಾಯವಾಗುತ್ತದೋ ಎನ್ನುವುದು ಇವತ್ತು ಇವರು ಒಯ್ಯುವ ವರದಿಯ ಮೇಲೆ ನಿಂತಿದೆ. ಒತ್ತಕ್ಕ ಅವರ ಕಡೆ ಒಮ್ಮೆಯೂ ನೋಡುವುದಿಲ್ಲ. ಆದರೆ ಬಸ್ಸಿನಲ್ಲಿರುವ ತಲೆಗಳನ್ನು ಮತ್ತೆ ಮತ್ತೆ ಎಣಿಸುತ್ತಿರುವುದು ನನಗೆ ಕಾಣುತ್ತದೆ.

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಹೊಗೆಕೊಳವೆಯ ಕೆಳಗೆ ಲಾಂಡ್ರಿ ಇದೆ. ಒಳಗೆ ಕಾಲಿಟ್ಟರೆ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಒಗೆದ ಹಾಸುಬಟ್ಟೆಗಳು ಒದ್ದೆಯಾಗಿ, ಭಾರವಾಗಿ, ಹಗ್ಗದಂತೆ ತಿರುಚಿಕೊಂಡು ಗಾಡಿಯಲ್ಲಿ ಬರುತ್ತವೆ. ಅವನ್ನು ಇಬ್ಬರು ಎರಡು ತುದಿ ಹಿಡಿದು ಕೊಡವಿ, ಕಾದ ರೋಲರಿನ ಬಾಯಿಗೆ ಕೊಡಬೇಕು. ಆ ಬದಿಯಲ್ಲಿ ಬಟ್ಟೆ ಗರಿಗರಿಯಾಗಿ, ಬೆಚ್ಚಗೆ ಹೊರಬರುತ್ತದೆ. ಒಬ್ಬರ ತುದಿ ಸಡಿಲವಾದರೆ ಬಟ್ಟೆ ಸುಕ್ಕುಬೀಳುತ್ತದೆ, ಬೆರಳು ಒಂದಿಷ್ಟು ಮುಂದೆ ಹೋದರೆ ಬೇಯುತ್ತದೆ. ಒತ್ತಕ್ಕನ ಮುಂಗೈಯಲ್ಲಿ ಅಂಥ ಹಳೆಯ ಗುರುತುಗಳಿವೆ.

ಆಪರೇಷನ್ ಕೋಣೆಗೆ ಹೋಗುವ ಬಟ್ಟೆ ಎಲ್ಲಕ್ಕಿಂತ ಮೊದಲು ಸಿದ್ಧವಾಗಬೇಕು. ಅದು ಹೋಗದೆ ಅಲ್ಲಿ ಕೆಲಸ ಶುರುವಾಗುವುದಿಲ್ಲ. "ಡಾಕ್ಟರು ಎಷ್ಟೇ ದೊಡ್ಡವರಾಗಲಿ, ಹಾಸೋಕೆ ಬಟ್ಟೆ ಇಲ್ಲದೆ ಏನ್ ಮಾಡ್ತಾರೆ? ಕೈಕಟ್ಟಿ ಕೂತ್ಕೋಬೇಕು," ಎಂದು ಒತ್ತಕ್ಕ ನಗುತ್ತಾರೆ. ಆದ್ದರಿಂದಲೇ ಅವರಿಗೆ ಮೊದಲ ಬಸ್ಸು ಬೇಕು. ಬ್ರೆಡ್ಡಿನ ಒಲೆ ಹಚ್ಚುವವರು, ವಾರ್ಡು ಒರೆಸುವವರು, ನೀರಿನ ಪಂಪು ಚಾಲೂ ಮಾಡುವ ತಾತ, ಶಾಲೆಯ ಗೇಟಿನ ಬೀಗ ತೆಗೆಯುವವರು, ಎಲ್ಲರೂ ಈ ಬಸ್ಸಿನವರೇ. ನಾವು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಊರು ಸಿದ್ಧವಾಗಿರುತ್ತದಲ್ಲ, ಅದು ತಂತಾನೆ ಆಗುವುದಿಲ್ಲ ಎಂದು ನನಗೆ ಹೊಳೆದದ್ದು ಈ ಬಸ್ಸಿನಲ್ಲಿ ನಿಂತಾಗ.

ಬಸ್ಸು ಮೇಲೆ ಬರುವಾಗಲೂ ಬರಿದಾಗಿ ಬರುವುದಿಲ್ಲ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರರನ್ನು ಹೊತ್ತು ತರುತ್ತದೆ. ಅವರಲ್ಲಿ ಒತ್ತಕ್ಕನ ಗಂಡನೂ ಒಬ್ಬರು. ಅವರು ಇಳಿಯುತ್ತಾರೆ, ಮನೆಯ ಕೀಲಿ ಇಸಿದುಕೊಳ್ಳುತ್ತಾರೆ, 'ಅಮ್ಮನಿಗೆ ಮಾತ್ರೆ ಕೊಟ್ಟಾಯ್ತಾ' ಎಂದು ಕೇಳುತ್ತಾರೆ, ಅಷ್ಟೇ. "ನಮ್ಮ ಸಂಸಾರ ನಡೆಯೋದೇ ಈ ಬಸ್ಸಿನ ಬಾಗಿಲಲ್ಲಿ. ಜಗಳ ಆಡೋಕೂ ಟೈಮಿಲ್ಲ. ಅದಕ್ಕೇ ಚೆನ್ನಾಗಿದ್ದೀವಿ," ಎನ್ನುತ್ತಾರೆ ಒತ್ತಕ್ಕ.

ಒಂದು ದಿನ ನಿಲ್ದಾಣದ ಗೋಡೆಗೆ ಒಂದು ಚೀಟಿ ಅಂಟಿತ್ತು. ಪ್ರಯಾಣಿಕರ ಕೊರತೆಯಿಂದಾಗಿ ಬೆಳಗಿನ ಮೊದಲ ಬಸ್ಸನ್ನು ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು. ಓದಿದವರೆಲ್ಲ ಬೇರೆ ಯಾವುದೋ ಬಸ್ಸಿನ ಚೀಟಿ ತಪ್ಪಿ ಇಲ್ಲಿ ಅಂಟಿಸಿದ್ದಾರೆ ಎಂದುಕೊಂಡರು. ಕಾಲಿಡಲು ಜಾಗವಿಲ್ಲದ ಬಸ್ಸಿಗೆ ಪ್ರಯಾಣಿಕರ ಕೊರತೆ ಎಲ್ಲಿಂದ ಬರಬೇಕು? ಮರುದಿನ ಬೆಳಿಗ್ಗೆ ಎಂದಿನಂತೆ ಬಂದು ನಿಂತರು. ಬಸ್ಸು ಬರಲಿಲ್ಲ.

ಎರಡನೆಯ ಬಸ್ಸು ಬರುವ ಹೊತ್ತಿಗೆ ಲಾಂಡ್ರಿಯ ರೋಲರ್ ತಿರುಗಿ ಎಷ್ಟೋ ಹೊತ್ತಾಗಿರುತ್ತದೆ. ಆಟೊ ದಿನಾ ಎಟುಕುವ ಮಾತಲ್ಲ. ಉಳಿದದ್ದು ಕಾಲು. ಗುಡ್ಡದ ರಸ್ತೆಗೆ ಫುಟ್‌ಪಾತ್ ಇಲ್ಲ, ಒಂದು ಕಡೆ ಬಾಯ್ತೆರೆದ ಚರಂಡಿ, ಇನ್ನೊಂದು ಕಡೆ ಲಾರಿಗಳು. ಕತ್ತಲಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಿದ್ದರು. ಹಾಗೆ ಇಳಿಯುವಾಗ ಒಂದು ಬೆಳಿಗ್ಗೆ, ಲಾರಿಯ ದೀಪ ಕಣ್ಣಿಗೆ ಹೊಡೆದು, ಒತ್ತಕ್ಕನ ನಾದಿನಿ ಚರಂಡಿಗೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು.

ಈ ನಾದಿನಿ ಗಂಡನ ತಂಗಿ ಮಾತ್ರವಲ್ಲ, ಲಾಂಡ್ರಿಯಲ್ಲಿ ಬಟ್ಟೆಯ ಆ ಇನ್ನೊಂದು ತುದಿ ಹಿಡಿಯುತ್ತಿದ್ದವರು. ವರ್ಷಗಟ್ಟಲೆ ಇಬ್ಬರೂ ಎದುರುಬದುರು ನಿಂತು ಒಂದೇ ಬಟ್ಟೆ ಕೊಡವಿದವರು. ಅವರ ಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಆ ರಸ್ತೆಯಲ್ಲಿ ಇನ್ನೊಮ್ಮೆ ನಡೆಯುವುದಿಲ್ಲ ಎಂದು ಮನೆಯಲ್ಲಿ ಕೂತುಬಿಟ್ಟರು.

"ಆ ತುದೀಲಿ ಈಗ ಯಾರ್ಯಾರೋ ನಿಲ್ತಾರೆ," ಎನ್ನುವಾಗ ಒತ್ತಕ್ಕನ ದನಿ ಇಳಿಯುತ್ತದೆ. "ಅವರೂ ಒಳ್ಳೆಯವರೇ. ಆದ್ರೆ ಅವಳಿದ್ದಾಗ ನಾನು ಕಣ್ಣೆತ್ತಿ ನೋಡೋದೇ ಬೇಕಿರಲಿಲ್ಲ. ಬಟ್ಟೆ ಎಳೆತದಲ್ಲೇ ಗೊತ್ತಾಗೋದು, ಅವಳಿಗೆ ಇವತ್ತು ತಲೆನೋವು, ಇವತ್ತು ಖುಷಿ ಅಂತ."

ನಾದಿನಿಯ ಕೈಗೆ ಬ್ಯಾಂಡೇಜು ಬಿದ್ದ ವಾರವೇ ಒತ್ತಕ್ಕ ಡಿಪೊಗೆ ಹೋದರು. ಅದುವರೆಗೆ ಯಾವ ಕಚೇರಿಯ ಮೆಟ್ಟಿಲೂ ಹತ್ತಿದವರಲ್ಲ. ಡಿಪೊ ಮ್ಯಾನೇಜರ್ ಕೆಟ್ಟವರೇನಲ್ಲ, ಕೂರಿಸಿ ಮಾತಾಡಿಸಿದರು. ಟಿಕೆಟ್ ಯಂತ್ರದಿಂದ ಬಂದ ಲೆಕ್ಕ ತೋರಿಸಿದರು. ಗುಡ್ಡದ ಮೊದಲ ಬಸ್ಸು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಬರಿದಾಗಿ ಓಡಿತ್ತು.

"ಖಾಲಿ ಬಸ್ಸು ಹೇಗಮ್ಮ ಓಡಿಸೋದು?"

"ಖಾಲಿನಾ ಸಾರ್? ಅದರಲ್ಲಿ ನಾನು ಒಂದು ದಿನಾನೂ ಕೂತಿಲ್ಲ! ಒಂಟಿಕಾಲಲ್ಲಿ ನಿಂತು ಹೋಗಿದ್ದೀನಿ."

"ಯಂತ್ರ ಸುಳ್ಳು ಹೇಳಲ್ಲಮ್ಮ."

"ನಾನೂ ಹೇಳಲ್ಲ ಸಾರ್."

ಇಬ್ಬರೂ ಹೇಳಿದ್ದು ನಿಜವಾಗಿತ್ತು ಎನ್ನುವುದೇ ಈ ಕಥೆಯ ವಿಚಿತ್ರ. ಅದು ಗೊತ್ತಾದದ್ದು ಹಳೆಯ ಕಂಡಕ್ಟರನ್ನು ಹುಡುಕಿಕೊಂಡು ಹೋದ ಮೇಲೆ. ಬಸ್ಸು ನಿಂತ ಮೇಲೆ ಅವರನ್ನು ಊರಿನ ಇನ್ನೊಂದು ತುದಿಯ ದಾರಿಗೆ ಹಾಕಿದ್ದರು. ಊಟದ ಹೊತ್ತಿನಲ್ಲಿ, ನಿಂತ ಬಸ್ಸಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದವರ ಮುಂದೆ ಒತ್ತಕ್ಕ ಹೋಗಿ ನಿಂತು, ಹೀಗೆ ಹೀಗೆ, ಬಸ್ಸು ಖಾಲಿ ಓಡಿತಂತೆ ಅಂದರು. ಅವರು ಎತ್ತಿದ ತುತ್ತನ್ನು ಡಬ್ಬಿಗೇ ಇಟ್ಟರು. ಆಮೇಲೆ ಡಬ್ಬಿ ಮುಚ್ಚಿದರು.

"ಅಕ್ಕ, ನಾನು ಒತ್ತೇ ಇಲ್ಲ," ಅಂದರು.

ಟಿಕೆಟ್ ಹರಿದರೆ ಯಂತ್ರಕ್ಕೆ ತಾನಾಗಿ ಗೊತ್ತಾಗುತ್ತದೆ. ಪಾಸಿನವರು ಹತ್ತಿದರೆ ಮಾತ್ರ ಮೂಲೆಯ ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಒತ್ತದಿದ್ದರೆ ಆ ಮನುಷ್ಯ ಬಸ್ಸಿನಲ್ಲೇ ಇಲ್ಲ. ಈ ಕಂಡಕ್ಟರಿಗೆ ಗುಡ್ಡದವರೆಲ್ಲ ಮನೆಯವರ ಹಾಗೆ. ಹತ್ತುವಾಗ 'ಪಾಸ್' ಎಂದರೆ ಸಾಕು, 'ಗೊತ್ತು ಹೋಗಿ' ಎಂದು ತಲೆಯಾಡಿಸುತ್ತಿದ್ದರು. ಗದ್ದಲದಲ್ಲಿ ಚೀಲ ತಡಕಿ ಪಾಸು ತೆಗೆಯುವ ಕಷ್ಟ ಯಾಕೆ ಕೊಡುವುದು ಎಂಬ ಮರ್ಯಾದೆ. "ಅವರ ಮುಖಾನೇ ಪಾಸು ಅಂದ್ಕೊಂಡಿದ್ದೆ ಸಾರ್," ಎಂದು ಈಗ ನನ್ನೊಂದಿಗೆ ಹೇಳುವಾಗಲೂ ಅವರ ಮುಖ ಸಣ್ಣಗಾಗುತ್ತದೆ.

ಇದರಲ್ಲಿ ಒತ್ತಕ್ಕನ ಕೈಯೂ ಇತ್ತು. ದಿನಾ ಟಿಕೆಟ್ ಕೊಳ್ಳುವುದು ದಂಡ, ಪಾಸು ಮಾಡಿಸಿಕೊಳ್ಳಿ ಎಂದು ಮನೆಮನೆಗೆ ಹೋಗಿ ತಲೆ ತಿಂದು ಇಡೀ ಬಡಾವಣೆಗೆ ಪಾಸು ಮಾಡಿಸಿದ್ದು ಅವರೇ. ಎಲ್ಲರ ಕೈಗೂ ಪಾಸು ಬಂದ ಮೇಲೆ ಟಿಕೆಟ್ ಹರಿಯುವುದು ನಿಂತಿತು. ಟಿಕೆಟ್ ನಿಂತ ಮೇಲೆ ಯಂತ್ರದ ಮಟ್ಟಿಗೆ ಗುಡ್ಡದಲ್ಲಿ ನರಪಿಳ್ಳೆಯೂ ಇರಲಿಲ್ಲ. ಒಬ್ಬರ ಮುತುವರ್ಜಿ, ಇನ್ನೊಬ್ಬರ ಸೌಜನ್ಯ, ಎರಡೂ ಸೇರಿ ತುಂಬಿ ತುಳುಕುವ ಬಸ್ಸೊಂದನ್ನು ಅಳಿಸಿ ಹಾಕಿದ್ದವು. ಕೇಳುತ್ತಾ ಕೂತ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿಂದ ಮುಂದಿನದು ಸುಲಭವಾಗಬೇಕಿತ್ತು. ಕಂಡಕ್ಟರ್ ಗುಂಡಿ ಒತ್ತುತ್ತಿರಲಿಲ್ಲ ಎಂದು ಎಲ್ಲರೂ ಸೇರಿ ದೂರು ಕೊಟ್ಟರೆ ಮುಗಿಯಿತು, ಲೆಕ್ಕ ಸುಳ್ಳೆಂದು ಸಾಬೀತಾಗುತ್ತದೆ, ಬಸ್ಸು ಬರುತ್ತದೆ. ಹಾಗೆ ಮಾಡೋಣವೆಂದು ಬಡಾವಣೆಯ ಹಲವರು ಹೇಳಿದರು. ಆದರೆ ದೂರು ಹೋದರೆ ಕಂಡಕ್ಟರ್ ಅಮಾನತು ಆಗುವುದು ಖಂಡಿತ. ನಿಲ್ದಾಣದ ಕಟ್ಟೆಯ ಮೇಲೆ ಸಭೆ ಸೇರಿತು. ಜೋರು ಮಾತುಗಳಾದವು.

"ಅವನ ಹೊಟ್ಟೆ ಮೇಲೆ ಹೊಡೆದು ಬಂದ ಬಸ್ಸಲ್ಲಿ ನಾನು ಹೇಗೆ ಹತ್ಲಿ?" ಎಂದು ಒತ್ತಕ್ಕ ಎದ್ದುನಿಂತರಂತೆ. "ಅವನು ನಮಗೆ ಮಾಡಿದ್ದು ಮರ್ಯಾದೆ. ಮರ್ಯಾದೆ ಮಾಡಿದ ಅಂತ ದೂರು ಕೊಡೋದಾ?"

"ಹಾಗಾದ್ರೆ ಏನ್ ಮಾಡೋಣ, ನೀನೇ ಹೇಳು," ಎಂದು ಯಾರೋ ರೇಗಿದರು. ಕೈ ಮುರಿದುಕೊಂಡ ನಾದಿನಿಯೂ ಅಲ್ಲೇ ಕೂತಿದ್ದರು. ಒತ್ತಕ್ಕ ಅವರ ಮುಖ ನೋಡಿದರು. ನಾದಿನಿ ತಲೆ ಅಲ್ಲಾಡಿಸಿ, "ದೂರು ಬೇಡ ಅತ್ತಿಗೆ," ಅಂದರು. ದೂರಿನ ಮಾತು ಅಲ್ಲಿಗೆ ಮುಗಿಯಿತು.

ಆಗ ಒತ್ತಕ್ಕ ಹೇಳಿದ ಉಪಾಯ ಕೇಳಿ ಕೆಲವರಿಗೆ ಅವರ ತಲೆ ಕೆಟ್ಟಿದೆ ಎನಿಸಿತಂತೆ. ಯಂತ್ರಕ್ಕೆ ನಾವು ಕಾಣಿಸುವುದಿಲ್ಲ ತಾನೇ? ಕಣ್ಣಿಗಂತೂ ಕಾಣಿಸುತ್ತೇವಲ್ಲ? ಕಾಣಿಸುವ ಹಾಗೆ ನಿಲ್ಲೋಣ. ಇಲ್ಲದ ಬಸ್ಸಿಗೆ ಸಾಲು ನಿಲ್ಲೋಣ.

ಹಾಗೇ ಮಾಡಿದರು. ಹೇಗೂ ನಡೆದೇ ಹೋಗಬೇಕು. ಅದಕ್ಕಿಂತಲೂ ಬೇಗ ಎದ್ದು, ನಿಲ್ದಾಣಕ್ಕೆ ಬಂದು, ಹಳೆಯ ಬಸ್ಸಿನ ಹೊತ್ತಿನವರೆಗೂ ಸಾಲಾಗಿ ನಿಂತು, ಬಸ್ಸು ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಗುಡ್ಡ ಇಳಿಯುವುದು. ಮೊದಲ ವಾರ ಬೆರಳೆಣಿಕೆಯ ಜನ. ಮಳೆ ಬಂತು, ಚಳಿ ಬಂತು, ಸಾಲು ಬೆಳೆಯಿತು. ಪಂಪಿನ ತಾತನೂ ಬಂದು ನಿಂತರು. ಮನೆಯಲ್ಲಿ ಅತ್ತೆ ಮಾತ್ರ, "ಬರೋ ಬಸ್ಸಿಗೆ ಕಾಯೋರನ್ನ ನೋಡಿದ್ದೀನಿ, ಬರದೇ ಇರೋದಕ್ಕೆ ಅಲಾರಾಂ ಇಟ್ಟು ಏಳೋಳು ನೀನೊಬ್ಬಳೇ," ಎಂದು ದಿನಾ ಚುಚ್ಚುತ್ತಿದ್ದರಂತೆ. ಆದರೆ ಫ್ಲಾಸ್ಕಿಗೆ ಟೀ ತುಂಬಿ ಬಾಗಿಲ ಬಳಿ ಇಡುತ್ತಿದ್ದವರೂ ಅದೇ ಅತ್ತೆ.

ವಾರದ ರಜೆಯ ದಿನ ಒತ್ತಕ್ಕ ಡಿಪೊಗೆ ಹೋಗುತ್ತಿದ್ದರು. ಕೂಗಾಡುವುದಿಲ್ಲ, ಧಿಕ್ಕಾರವಿಲ್ಲ. ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಮಾತು. "ಸಾರ್, ನಾಳೆನೂ ನಿಂತಿರ್ತೀವಿ. ಒಂದ್ಸಲ ಬಂದು ನೋಡಿ." ಹೇಳಿ ಬಂದುಬಿಡುವುದು. ಒತ್ತಾಯ ಎನ್ನುವ ಮಾತಿಗೆ ಇಷ್ಟು ಮೆತ್ತಗಿನ ದನಿಯೂ ಉಂಟೆಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಮ್ಯಾನೇಜರ್ ಸ್ಕೂಟರ್ ಏರಿ ಬಂದೇಬಿಟ್ಟರು. ಹೆಡ್‌ಲೈಟಿನ ಬೆಳಕಿನಲ್ಲಿ ನಿಲ್ದಾಣದಿಂದ ಶುರುವಾಗಿ ತಿರುವಿನ ಆಚೆಗೂ ಹೋಗಿದ್ದ ಸಾಲು ಕಂಡಿತು. ಅವರು ಸ್ಕೂಟರ್ ಆಫ್ ಮಾಡಿ ಸಾಲಿನ ಕೊನೆಯವರೆಗೂ ಹೋಗಿ ಬಂದರಂತೆ. ಹೊತ್ತಾದ ಮೇಲೆ ಸಾಲು ಗುಡ್ಡ ಇಳಿಯತೊಡಗಿತು. ಅವರೂ ಸ್ಕೂಟರ್ ಅಲ್ಲೇ ಬಿಟ್ಟು ಹಿಂದೆಯೇ ನಡೆದರು. ನಾದಿನಿ ಬಿದ್ದ ಚರಂಡಿಯ ಬಳಿ ಅವರ ಕಾಲೂ ಜಾರಿತು. ಹಿಡಿದುಕೊಂಡದ್ದು ಒತ್ತಕ್ಕ.

"ಇಷ್ಟು ಜನ ಇದ್ರೆ ಲೆಕ್ಕದಲ್ಲಿ ಯಾಕಮ್ಮ ಬಂದಿಲ್ಲ?" ಎಂದು ಆಸ್ಪತ್ರೆಯ ಗೇಟಿನಲ್ಲಿ ಏದುಸಿರು ಬಿಡುತ್ತಾ ಕೇಳಿದರು.

ಇಡೀ ಗುಂಪು ನೆಲ ನೋಡುತ್ತಾ ನಿಂತಿತು. ಒಬ್ಬರೂ ಬಾಯಿಬಿಡಲಿಲ್ಲ. ಅಷ್ಟು ತಿಂಗಳು ಕತ್ತಲಲ್ಲಿ ನಡೆದವರು, ಒಂದೇ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಹೇಳಲಿಲ್ಲ. ಈ ಭಾಗವನ್ನು ಬರೆಯುವಾಗ ನನ್ನ ಪೆನ್ನು ನಿಂತುಬಿಟ್ಟಿತು. ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ, ಆ ಮೌನದ ಮುಂದೆ ಅವೆಲ್ಲ ಯಾತಕ್ಕೂ ಬಾರದವು.

ಸುದ್ದಿ ಡಿಪೊದಲ್ಲಿ ಹಬ್ಬಿ ಕಂಡಕ್ಟರ್ ಕಿವಿಗೆ ಬಿತ್ತು. ಅವರು ಅದೇ ಮಧ್ಯಾಹ್ನ ಮ್ಯಾನೇಜರ್ ಮುಂದೆ ಹೋಗಿ ತಪ್ಪು ತಮ್ಮದೆಂದು ಒಪ್ಪಿಕೊಂಡರು. ಒಂದು ವರ್ಷದ ಸಂಬಳ ಬಡ್ತಿ ಕೈತಪ್ಪಿತು, ನೌಕರಿ ಉಳಿಯಿತು. ಶಿಕ್ಷೆಯ ಕಾಗದಕ್ಕೆ ಸಹಿ ಹಾಕಿ ಅವರು ಬೇಡಿಕೊಂಡದ್ದು ಒಂದೇ: ಬಸ್ಸು ಬಿಟ್ಟರೆ ನನ್ನನ್ನೇ ಹಾಕಿ. ಹಾಗೆ ಪ್ರಾಯೋಗಿಕ ಬಸ್ಸು ಬಂತು. ಅಂದಿನಿಂದ ಗುಡ್ಡದಲ್ಲಿ 'ಪಾಸ್' ಎನ್ನುವ ಮಾತು ಹೋಗಿ 'ಒತ್ತಿ ಅಣ್ಣ' ಎನ್ನುವುದು ಬಂತು, ಒತ್ತಕ್ಕನಿಗೆ ಹೆಸರೂ ಬಂತು. "ಮನೇಲೂ ಹೀಗೇ ಆಗಿದ್ದಾಳೆ. ಮಾತ್ರೆ ತಗೊಂಡೆ ಅಂದ್ರೆ ನಂಬಲ್ಲ, ಖಾಲಿ ಪೊಟ್ಟಣ ತೋರಿಸಿ ಅಂತಾಳೆ," ಎಂದು ಅತ್ತೆ ನನಗೆ ದೂರು ಹೇಳಿದರು.

ನಾದಿನಿ ಮಾತ್ರ ಬರಲಿಲ್ಲ. "ಮತ್ತೆ ನಿಲ್ಲಿಸಿದ್ರೆ? ಖಾಯಂ ಆಗ್ಲಿ, ಆಮೇಲೆ ಬರ್ತೀನಿ," ಎನ್ನುತ್ತಾ ದಿನ ನೂಕಿದರು. ಲಾಂಡ್ರಿಯವರು ಅಷ್ಟು ಕಾಲ ಅವರ ಜಾಗಕ್ಕೆ ಖಾಯಂ ಆಗಿ ಯಾರನ್ನೂ ತೆಗೆದುಕೊಂಡಿಲ್ಲ. ಎಷ್ಟು ದಿನ ಹಾಗೆ ಬಿಟ್ಟಾರು? ನಿಮಗೇನು ಬೇಕು ಎಂದು ಒತ್ತಕ್ಕನನ್ನು ಕೇಳಿದರೆ ಸನ್ಮಾನ, ಫೋಟೊ ಯಾವುದೂ ಅಲ್ಲ. "ಆ ತುದೀಲಿ ಅವಳು ನಿಂತ್ಕೋಬೇಕು. ಅಷ್ಟೇ." ಹಾಗಾಗಿ ಇವತ್ತಿನ ಈ ಬಿಗಿಮುಖದ ಇನ್‌ಸ್ಪೆಕ್ಟರ್ ಏನು ಬರೆಯುತ್ತಾರೆ ಎನ್ನುವುದು ಅವರಿಗೆ ಬರೀ ಬಸ್ಸಿನ ಮಾತಲ್ಲ.

ಆಸ್ಪತ್ರೆಯ ನಿಲ್ದಾಣ ಬರುತ್ತದೆ. ಇನ್‌ಸ್ಪೆಕ್ಟರ್ ಯಂತ್ರದಿಂದ ಚೀಟಿ ಹರಿದುಕೊಳ್ಳುತ್ತಾರೆ, ನಿಂತವರನ್ನೂ ಕೂತವರನ್ನೂ ನೋಡುತ್ತಾರೆ, ಚೀಟಿಯನ್ನು ಜೇಬಿಗಿಟ್ಟು ಇಳಿದುಹೋಗುತ್ತಾರೆ. ಒತ್ತಕ್ಕ ಡಬ್ಬಿಯನ್ನು ಬಗಲಿಗೆ ಸಿಕ್ಕಿಸಿಕೊಂಡು ಇಳಿಯುತ್ತಾರೆ. ರೋಲರ್ ಬಿಸಿಯಾಗಿರುತ್ತದೆ ಎಂದು ನನ್ನನ್ನೂ ಬಿಟ್ಟು ಓಡುತ್ತಾರೆ.

ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಕತ್ತಲಲ್ಲೇ ಗುಡ್ಡ ಹತ್ತಿದೆ.

ನಿಲ್ದಾಣದ ಗೋಡೆಯಲ್ಲಿ ಹಳೆಯ ಚೀಟಿ ಇದ್ದ ಜಾಗದಲ್ಲೇ ಹೊಸದೊಂದು ಅಂಟಿದೆ. ಕಂಡಕ್ಟರ್ ಬಸ್ಸಿಳಿದು, ಎಲ್ಲರಿಗೂ ಗೊತ್ತಿರುವುದನ್ನೇ ಮತ್ತೊಮ್ಮೆ ಜೋರಾಗಿ ಓದುತ್ತಾರೆ: ಬೆಳಗಿನ ಮೊದಲ ಬಸ್ಸನ್ನು ಖಾಯಂಗೊಳಿಸಲಾಗಿದೆ. ಪಾಳಿ ಮುಗಿಸಿ ಇಳಿದ ಒತ್ತಕ್ಕನ ಗಂಡ ಕೀಲಿ ಇಸಿದುಕೊಂಡರೂ ಮನೆಗೆ ಹೋಗದೆ ನಿಂತಿದ್ದಾರೆ. ಸಾಲಿನ ತುದಿಯಲ್ಲಿ, ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯನ್ನು ಸ್ವೆಟರಿನೊಳಗೆ ಎಳೆದುಕೊಂಡು ಇನ್ನೊಬ್ಬ ಹೆಂಗಸು ನಿಂತಿದ್ದಾರೆ. ಅದು ನಾದಿನಿ ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ಅವರು ಹೊಸ ಪಾಸು ಮುಂದೆ ಹಿಡಿದು, ಮೆಲ್ಲಗೆ, "ಒತ್ತಿ ಅಣ್ಣ," ಎನ್ನುತ್ತಾರೆ. ಕೀಂ.

ಕೊನೆಯವರಾಗಿ ಒತ್ತಕ್ಕ ಹತ್ತುತ್ತಾರೆ. ಕಂಡಕ್ಟರ್ ಸಂಭ್ರಮದಲ್ಲಿ 'ರೈಟ್' ಎಂದು ಕೂಗಿಯೇಬಿಡುತ್ತಾರೆ. ಬಸ್ಸು ಅಲುಗುತ್ತದೆ.

"ನಂದು ಆಗಿಲ್ಲ," ಎನ್ನುತ್ತಾರೆ ಒತ್ತಕ್ಕ, ಮೆಟ್ಟಿಲ ಮೇಲೆಯೇ ನಿಂತು.

"ಅಯ್ಯೋ ಅಕ್ಕ, ಬಸ್ಸು ಖಾಯಂ ಆಯ್ತಲ್ಲ! ನಿಮ್ಮದೂ ಒತ್ತಬೇಕಾ? ನೀವು ಇರೋದು ಯಾರಿಗೆ ಗೊತ್ತಿಲ್ಲ?"

"ಅವಾಗ್ಲೂ ಎಲ್ಲರಿಗೂ ಗೊತ್ತಿತ್ತಪ್ಪ," ಎಂದು ಒತ್ತಕ್ಕ ಪಾಸು ಮುಂದೆ ಹಿಡಿಯುತ್ತಾರೆ. "ಒತ್ತು."